ಅಪ್ಪನ ಸಹಿ ನಿಂತ ಮೇಲೆ ಮುಖ್ತ್ಯಾರ್ ಪತ್ರ ನಡೆಯುತ್ತದೆಯೇ?

ಭಟ್ಕಳ, ಹೊನ್ನಾವರ, ಕುಮಟಾದ ಕುಟುಂಬಗಳು ಹಿರಿಯರ ಬುದ್ಧಿ ನೆಟ್ಟಗಿರುವಾಗಲೇ ಮಾಡಿಟ್ಟುಕೊಳ್ಳಬೇಕಾದ ಕಾಗದಪತ್ರ. ಸರ್ಕಾರ ಮಾಡಬೇಕಾದ ತಿದ್ದುಪಡಿ

ಭಟ್ಕಳದ ಬಹಳಷ್ಟು ಮನೆಗಳಲ್ಲಿ ದುಡಿಯುವ ಮಕ್ಕಳು ದುಬೈ, ಸೌದಿಯಲ್ಲಿದ್ದಾರೆ. ಹೊನ್ನಾವರ, ಕುಮಟಾದ ತೋಟದ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ, ಮುಂಬೈಯಲ್ಲಿ, ಕೆಲವರು ಅಮೆರಿಕ ಇಂಗ್ಲೆಂಡಿನಲ್ಲಿ. ಊರಲ್ಲಿ ಉಳಿದವರು ಎಪ್ಪತ್ತು ದಾಟಿದ ತಂದೆ ತಾಯಿ. ಪಹಣಿ, ಬ್ಯಾಂಕ್ ಖಾತೆ, ಸೊಸೈಟಿಯ ಬೆಳೆಸಾಲ, ಪಿಂಚಣಿ ಎಲ್ಲವೂ ಅವರ ಸಹಿಯ ಮೇಲೆ ನಡೆಯುತ್ತವೆ. ಹಾಗಾಗಿ ಮಕ್ಕಳು ರಜೆಗೆ ಬಂದಾಗ ಅಪ್ಪನಿಂದ ಒಂದು 'ಪವರ್', ಅಂದರೆ ಸಾಮಾನ್ಯ ಮುಖ್ತ್ಯಾರ್ ಪತ್ರ (ಜಿಪಿಎ), ಬರೆಸಿಕೊಂಡು ಹೋಗುವುದು ವಾಡಿಕೆ. ಜಿಪಿಎ ಕಪಾಟಿನಲ್ಲಿದ್ದರೆ ನಾಳೆ ಅಪ್ಪ ಹಾಸಿಗೆ ಹಿಡಿದರೂ ವ್ಯವಹಾರ ನಿಲ್ಲುವುದಿಲ್ಲ ಎಂಬ ಧೈರ್ಯ.

ಆ ಧೈರ್ಯಕ್ಕೆ ಕಾನೂನಿನ ಬೆಂಬಲ ಅರ್ಧದಷ್ಟು ಮಾತ್ರ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರಾಗಲಿ ಪಡೆದವರಾಗಲಿ ತೀರಿಕೊಂಡರೆ ಅಥವಾ ಅಸ್ವಸ್ಥಚಿತ್ತರಾದರೆ ಮುಖ್ತ್ಯಾರಿಕೆ ಅಲ್ಲಿಗೆ ಮುಗಿಯಿತು. ಅಂದರೆ ಮರೆವಿನ ಕಾಯಿಲೆ ಬಲಿತ ಮೇಲೆ, ಅಥವಾ ಪೆಟ್ಟು ಬಿದ್ದು ಕೋಮಾಕ್ಕೆ ಹೋದ ಮೇಲೆ, ಯಾವ ದಿನಕ್ಕೆಂದು ಆ ಕಾಗದ ಬರೆಸಿದ್ದೆವೋ ಆ ದಿನವೇ ಅದು ಕೈಬಿಡುತ್ತದೆ. ಮುಖ್ತ್ಯಾರ್ ಪತ್ರಗಳಿಗೆಂದೇ 1882ರಲ್ಲಿ ಬಂದ ಪುಟ್ಟ ಕಾಯ್ದೆಯೂ ಈ ನಿಯಮವನ್ನು ಬದಲಿಸಿಲ್ಲ. ಸಂಗತಿ ಗೊತ್ತಿಲ್ಲದೆ ಪ್ರಾಮಾಣಿಕವಾಗಿ ವ್ಯವಹರಿಸಿದವರಿಗೆ ಅದು ರಕ್ಷಣೆ ಕೊಡುತ್ತದೆ, ಅಷ್ಟೇ. ಒಂದೇ ಮನೆಯಲ್ಲಿರುವ ಮಗ 'ನನಗೆ ಗೊತ್ತಿರಲಿಲ್ಲ' ಎನ್ನುವಂತಿಲ್ಲ.

ಉಯಿಲು ನಡೆಯುವುದು ಸತ್ತ ಮೇಲೆ. ಬ್ಯಾಂಕಿನ ನಾಮಿನಿಗೆ ಹಣ ಸಿಗುವುದೂ ಸತ್ತ ಮೇಲೆ. ಮುಖ್ತ್ಯಾರ್ ಪತ್ರ ನಡೆಯುವುದು ಬುದ್ಧಿ ಸ್ವಾಧೀನದಲ್ಲಿರುವವರೆಗೆ. ಜೀವವಿದ್ದೂ ನಿರ್ಧಾರ ಮಾಡಲಾಗದ ನಡುವಿನ ವರ್ಷಗಳಿಗೆ ನಮ್ಮ ದೇಶದಲ್ಲಿ ಸರಿಯಾದ ಕಾಗದವೇ ಇಲ್ಲ. ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಅಪಘಾತ, ಪಾರ್ಶ್ವವಾಯು ಬೇರೆ.

ಹಳದೀಪುರದ ಹೆಣ್ಣುಮಗಳು ಎತ್ತಿಸಿದ ಪ್ರಶ್ನೆ

ಮಾತು ನಿಂತವರ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡದಾಗಿ ಬಂದದ್ದು ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗರ ಪ್ರಕರಣದಲ್ಲಿ. ಮುಂಬೈಯ ಕೆಇಎಂ ಆಸ್ಪತ್ರೆಯ ದಾದಿಯಾಗಿದ್ದ ಅವರು 1973ರ ನವೆಂಬರಿನಲ್ಲಿ ನಡೆದ ಹಲ್ಲೆಯಿಂದ ಎಚ್ಚರ ಕಳೆದುಕೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಬಗ್ಗೆ ಪುಸ್ತಕ ಬರೆದ ಪತ್ರಕರ್ತೆ ಪಿಂಕಿ ವಿರಾನಿ, ಅರುಣಾ ಅವರ ಪರವಾಗಿ ಅರ್ಜಿ ಹಾಕಿದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು, ಅರುಣಾ ಅವರ ಹಿತ ನೋಡುವ ಆಪ್ತರು ಅರ್ಜಿದಾರರಲ್ಲ, ವರ್ಷಗಟ್ಟಲೆ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿ ಎಂದು ಹೇಳಿತು. ತನ್ನ ಪರವಾಗಿ ಯಾರು ಎಂದು ಮುಂಚೆಯೇ ಹೇಳಿಡಲು ಅರುಣಾ ಅವರಿಗೆ ದಾರಿ ಇರಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಆ ದಾರಿ ಈಗ ತೆರೆದಿದೆ. 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಜೀವಂತ ಉಯಿಲಿಗೆ ಮಾನ್ಯತೆ ಕೊಟ್ಟಿತು. 2023ರ ಜನವರಿ 24ರಂದು ಕೋರ್ಟು ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸುವ ಆದೇಶ ಹೊರಡಿಸಿತು. ಆಸ್ತಿ, ಹಣದ ವಿಷಯ ಮಾತ್ರ 1872ರಲ್ಲೇ ನಿಂತಿದೆ.

ಮುಖ್ತ್ಯಾರ್ ಪತ್ರ: ಯಾವಾಗ ನಡೆಯುತ್ತದೆ, ಯಾವಾಗ ಇಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ನಡೆಯಲಾಗುವುದಿಲ್ಲ, ಮಾತು ತೊದಲುತ್ತದೆ ಎಂಬ ಕಾರಣಕ್ಕೆ ಮುಖ್ತ್ಯಾರ್ ಪತ್ರ ರದ್ದಾಗುವುದಿಲ್ಲ. ವ್ಯವಹಾರ ಏನೆಂದು ತಿಳಿದುಕೊಂಡು, ಅದರಿಂದ ತನಗೆ ಒಳಿತೋ ಕೆಡುಕೋ ಎಂದು ತೂಗುವ ಶಕ್ತಿ ಇದ್ದರೆ ಕರಾರು ಕಾಯ್ದೆಯ 12ನೇ ಕಲಂ ಅಂಥವರನ್ನು ಸ್ವಸ್ಥಚಿತ್ತರೆಂದೇ ಎಣಿಸುತ್ತದೆ. ಹಾಸಿಗೆಯಲ್ಲಿದ್ದು ತಲೆಯಾಡಿಸಿ ಸ್ಪಷ್ಟವಾಗಿ ಒಪ್ಪಿಗೆ ತಿಳಿಸಬಲ್ಲವರು ಹೊಸ ಪತ್ರವನ್ನೂ ಮಾಡಿಕೊಡಬಹುದು. ಕಚೇರಿಗೆ ಬರಲಾಗದ ಕಾಯಿಲೆಯವರಿದ್ದರೆ, ಕಾರಣ ತೋರಿಸಿ ಅರ್ಜಿ ಕೊಟ್ಟಲ್ಲಿ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಎಷ್ಟೋ ಕುಟುಂಬಗಳಿಗೆ ಇದು ತಿಳಿದಿಲ್ಲ. ಆಂಬುಲೆನ್ಸಿನಲ್ಲಿ ಮಲಗಿಸಿ ಕಚೇರಿಯವರೆಗೆ ತರುತ್ತಾರೆ.

ಇನ್ನೊಂದು ಮಾತು. ಮರೆವು ಶುರುವಾದ ಕೂಡಲೇ ಎಲ್ಲ ಮುಗಿಯಿತೆಂದೂ ಅಲ್ಲ. ಆರಂಭದ ಹಂತದಲ್ಲಿ ತಿಳಿವಳಿಕೆ ಸಾಕಷ್ಟು ಗಟ್ಟಿಯಿರುತ್ತದೆ. ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾದರೆ, ಕಾಗದ ಮಾಡಿಕೊಳ್ಳಬಹುದಾದ ಆ ಒಂದೆರಡು ವರ್ಷ ಕೈತಪ್ಪುತ್ತದೆ. ಅಮ್ಮ ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದರೆ, ಅಪ್ಪ ಪರಿಚಿತ ಪೇಟೆಯಲ್ಲಿ ದಾರಿ ತಪ್ಪಿದರೆ, ಮೊದಲು ವೈದ್ಯರು, ಅದೇ ತಿಂಗಳಲ್ಲಿ ವಕೀಲರು.

ಪತ್ರ ಬರೆಸುವಾಗ

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. ಅರ್ಜಿ, ಸಮಯ ನಿಗದಿ ಎಲ್ಲ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತದೆ. ಬರಹಗಾರರ ಬಳಿ ಇರುವ ಹಳೆಯ ನಮೂನೆಗೆ ಹೆಸರು ತುಂಬಿಸಿಕೊಂಡು ಬರುವ ಮುನ್ನ ಇವಿಷ್ಟು ಗಮನಿಸಿ.

1. ನೋಟರಿ ಸಹಿಗೇ ನಿಲ್ಲಿಸಬೇಡಿ. ಸ್ಥಿರಾಸ್ತಿಯ ವಿಷಯವಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಾಯಿಸಿ. ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಬೇಕಿದ್ದರಂತೂ, ಪತ್ರ ಕೊಡುವವರು ವಾಸವಿರುವ ವ್ಯಾಪ್ತಿಯ ಸಬ್ ರಿಜಿಸ್ಟ್ರಾರರ ದೃಢೀಕರಣ ಬೇಕೇ ಬೇಕು.

2. ಒಬ್ಬರನ್ನೇ ನಂಬಿ ಕೂರಬೇಡಿ. ಇಬ್ಬರನ್ನು ನೇಮಿಸಿ, 'ಜಂಟಿಯಾಗಿ ಅಥವಾ ಪ್ರತ್ಯೇಕವಾಗಿ' ಎಂದು ಬರೆಸಿ. ಭಟ್ಕಳದಲ್ಲಿ ಇದು ಉಲ್ಟಾ ದಿಕ್ಕಿನಲ್ಲೂ ಮುಖ್ಯ: ಕೊಲ್ಲಿಯಲ್ಲಿರುವ ಮಗ ಊರಲ್ಲಿರುವ ಅಪ್ಪನಿಗೆ ಪವರ್ ಕೊಟ್ಟಿರುತ್ತಾನೆ. ಅಪ್ಪನ ಬುದ್ಧಿ ಮಸುಕಾದರೂ ಆ ಪತ್ರ ಮುಗಿಯುತ್ತದೆ. ಎರಡನೆಯ ಹೆಸರಿದ್ದರೆ ಮನೆ ಬಾಡಿಗೆ, ತೆರಿಗೆ, ಕಟ್ಟಡದ ಕೆಲಸ ನಿಲ್ಲುವುದಿಲ್ಲ.

3. ಅಧಿಕಾರಗಳನ್ನು ಬಿಡಿಸಿ ಬರೆಯಿಸಿ. ಬೆಳೆಸಾಲ ನವೀಕರಣ, ಬೆಳೆ ವಿಮೆಯ ಅರ್ಜಿ, ಪೋಡಿ, ವಿದ್ಯುತ್ ಸಂಪರ್ಕ, ಆಸ್ಪತ್ರೆಯ ಬಿಲ್ಲು ಹೀಗೆ. 'ಎಲ್ಲ ಅಧಿಕಾರ' ಎಂಬ ಒಂದು ಸಾಲನ್ನು ಬ್ಯಾಂಕಿನವರು ಒಪ್ಪುವುದು ಕಷ್ಟ. ಮಾರಾಟ ಮಾಡುವ, ದಾನ ಕೊಡುವ ಅಧಿಕಾರ ನಿಜವಾಗಿ ಬೇಕಿಲ್ಲದಿದ್ದರೆ ಬಿಟ್ಟುಬಿಡಿ.

4. ಪತ್ರದ ದಿನವೇ ವೈದ್ಯರ ಚೀಟಿ ಪಡೆಯಿರಿ. 'ವಿಷಯ ತಿಳಿದು ಒಪ್ಪಿದ್ದಾರೆ' ಎಂದು ವೈದ್ಯರು ದಿನಾಂಕ ಹಾಕಿ ಬರೆದ ಒಂದು ಹಾಳೆ, ಮುಂದೆ ದಾಯಾದಿಗಳು ತಕರಾರು ತೆಗೆದರೆ ಬಲವಾದ ಸಾಕ್ಷ್ಯ.

5. ಹೊರದೇಶದಲ್ಲಿ ಬರೆಸುವುದಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ಮರೆತು ದಂಡ ತೆತ್ತವರು ಕಡಿಮೆಯಿಲ್ಲ.

'ನನ್ನ ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಈ ಅಧಿಕಾರ ಮುಂದುವರಿಯತಕ್ಕದ್ದು' ಎಂಬ ಸಾಲು ಸೇರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಬರೆಸಬಹುದು, ಆದರೆ 201ನೇ ಕಲಮಿನ ಮುಂದೆ ಅದಕ್ಕೆ ಬಲವಿಲ್ಲ. 202ನೇ ಕಲಮಿನಲ್ಲಿ ಒಂದು ಅಪವಾದವಿದೆ. ಮುಖ್ತ್ಯಾರನಿಗೆ ಆ ಆಸ್ತಿಯಲ್ಲೇ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ ಅದು ಅನ್ವಯ. ಅಪ್ಪನ ಪಿಂಚಣಿ, ತೋಟ ನೋಡಿಕೊಳ್ಳುವ ಮಗನಿಗೆ ಅದು ಒದಗುವುದಿಲ್ಲ. ಹಾಗೆಯೇ, ಜಿಪಿಎ ಕೊಟ್ಟುಕೊಂಡರೆ ಆಸ್ತಿ ಕೊಂಡಂತಾಯಿತು ಎಂಬ ಲೆಕ್ಕವೂ ಸಲ್ಲ. 2011ರ ಅಕ್ಟೋಬರ್ 11ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮುಖ್ತ್ಯಾರ್ ಪತ್ರದಿಂದ ಮಾಲೀಕತ್ವ ಬರುವುದಿಲ್ಲ ಎಂದು ಖಚಿತವಾಗಿ ಹೇಳಿದೆ.

ಪತ್ರ ನಿಂತಾಗ ಆಸರೆಯಾಗುವ ಬೇರೆ ವ್ಯವಸ್ಥೆ

ಬ್ಯಾಂಕಿನಿಂದ ಶುರುಮಾಡಿ. ಅಪ್ಪ ಅಮ್ಮನ ಒಂಟಿ ಖಾತೆಗಳನ್ನು 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಜಂಟಿ ಖಾತೆಯಾಗಿ ಈಗಲೇ ಬದಲಿಸಿಕೊಳ್ಳಿ. ದಿನಬಳಕೆಯ ಹಣಕ್ಕೆ ಇಷ್ಟು ಸುಲಭದ ಉಪಾಯ ಬೇರೊಂದಿಲ್ಲ. ಆದರೆ ಇಬ್ಬರೂ ಬದುಕಿರುವಾಗ ಠೇವಣಿಯನ್ನು ಅವಧಿಗೆ ಮುನ್ನ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಆಸ್ಪತ್ರೆಯ ಖರ್ಚಿಗೆಂದು ಇಟ್ಟ ಹಣವನ್ನು ಒಂದೇ ದೊಡ್ಡ ಠೇವಣಿಯಲ್ಲಿ ಕಟ್ಟಿಹಾಕದೆ, ಸ್ವಲ್ಪವನ್ನಾದರೂ ಉಳಿತಾಯ ಖಾತೆಯಲ್ಲಿ ಬಿಡಿ. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗು ಇದ್ದೇ ಇದೆ. ಮೆದುಳಿಗೆ ಪೆಟ್ಟಾದವರನ್ನು ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಕರೆದೊಯ್ಯಬೇಕು. ಅಲ್ಲಿ ಮುಂಗಡ ಕೇಳುವ ಹೊತ್ತಿಗೆ ಊರಿನ ಬ್ಯಾಂಕಿನ ಬಾಗಿಲಲ್ಲಿ ಸಹಿಗಾಗಿ ನಿಲ್ಲುವ ಸ್ಥಿತಿ ಬರಬಾರದು.

ಸಹಿ ಮಾಡಲಾಗದ, ಆದರೆ ತಿಳಿವಳಿಕೆ ಇರುವ ಹಿರಿಯರಿಗೆ ರಿಸರ್ವ್ ಬ್ಯಾಂಕ್ ಒಂದು ಸೌಲಭ್ಯ ಕೊಟ್ಟಿದೆ: ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಬ್ಯಾಂಕಿಂಗ್ ಸೇವೆ ಒದಗಿಸಬೇಕೆಂದು 2017ರಲ್ಲೇ ಸೂಚಿಸಿದೆ. ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಅಪ್ಪನ ಎಟಿಎಂ ಕಾರ್ಡು, ಓಟಿಪಿ ಬಳಸಿಕೊಂಡು ಮನೆ ನಡೆಸುವುದು ಎಲ್ಲೆಡೆ ಇರುವ ಪದ್ಧತಿಯೇ. ಅಣ್ಣತಮ್ಮಂದಿರ ನಡುವೆ ಮಾತು ಬಂದ ದಿನ ಅದೇ ಆರೋಪಕ್ಕೆ ಕಾರಣವಾಗುತ್ತದೆ. ಖರ್ಚಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ.

ಚಿಕಿತ್ಸೆಯ ವಿಷಯಕ್ಕೆ ಎರಡು ಕಾಗದ. ಒಂದು ಜೀವಂತ ಉಯಿಲು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರಿನಂಥ ಚಿಕಿತ್ಸೆ ಬೇಕೋ ಬೇಡವೋ, ಆಗ ನನ್ನ ಪರವಾಗಿ ಒಪ್ಪಿಗೆ ಹೇಳುವವರು ಯಾರು ಎಂದು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಒಂದು ಪ್ರತಿಯನ್ನು ಕುಟುಂಬದ ವೈದ್ಯರಿಗೂ, ಇನ್ನೊಂದನ್ನು ಸ್ಥಳೀಯ ಪಂಚಾಯ್ತಿ ಅಥವಾ ಪುರಸಭೆಯ ನಿಯೋಜಿತ ಅಧಿಕಾರಿಗೂ ಕೊಡಿ. ಇದಿದ್ದರೂ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದ ಮೇಲೆಯೇ ಚಿಕಿತ್ಸೆ ನಿಲ್ಲಿಸುತ್ತಾರೆ. ಮಕ್ಕಳ ಮಾತೊಂದೇ ಸಾಲದು. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಆಪ್ತ ಪ್ರತಿನಿಧಿಯ ನೇಮಕ. ಬಿಳಿಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೂ ಸಾಕು. ನೆನಪು, ವಿವೇಚನೆ ತೀವ್ರವಾಗಿ ಕೆಡುವ ಕಾಯಿಲೆಗಳೂ ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಆದರೆ ಈ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಸೀಮಿತ, ಪಾಸ್‌ಬುಕ್ ಮುಟ್ಟುವಂತಿಲ್ಲ.

ಆಸ್ತಿ ದೊಡ್ಡದಿದ್ದರೆ, ಅಥವಾ ಅಂಗವೈಕಲ್ಯವಿರುವ ಮಗ ಮಗಳಿದ್ದರೆ, 1882ರ ಟ್ರಸ್ಟ್ ಕಾಯ್ದೆಯಡಿ ಕುಟುಂಬದ ಟ್ರಸ್ಟ್ ಬಗ್ಗೆ ವಕೀಲರನ್ನು ಕೇಳಿ. ಟ್ರಸ್ಟಿಯ ಅಧಿಕಾರ ಕೊಟ್ಟವರ ಬುದ್ಧಿಯೊಂದಿಗೆ ಮುಗಿಯುವುದಿಲ್ಲ. ಜಮೀನನ್ನು ಟ್ರಸ್ಟಿಗೆ ಸೇರಿಸಲು ನೋಂದಣಿ, ಮುದ್ರಾಂಕದ ಖರ್ಚು ಬರುತ್ತದೆ. ಪಹಣಿ ನಾಲ್ಕಾರು ದಾಯಾದಿಗಳ ಜಂಟಿ ಹೆಸರಿನಲ್ಲಿದ್ದರೆ ಮೊದಲು ಪಾಲು ಬಿಡಿಸಿಕೊಳ್ಳಬೇಕು.

ಗಡಿಬಿಡಿಯಲ್ಲಿ ದಾನಪತ್ರ ಬರೆದುಕೊಡುವುದೊಂದು ಸಾಮಾನ್ಯ ತಪ್ಪು. 'ಹೇಗಿದ್ದರೂ ನಿನಗೇ ತಾನೆ' ಎಂದು ಮನೆಯನ್ನು ಮಗನ ಹೆಸರಿಗೆ ಮಾಡಿದ ಮೇಲೆ ತಾಯಿಗೆ ಹಿಡಿತ ಉಳಿಯುವುದಿಲ್ಲ. ಕೊಡಲೇಬೇಕೆಂದಿದ್ದರೆ, ಜೀವನಪರ್ಯಂತ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ದಾನವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಭಟ್ಕಳದಲ್ಲೂ ಕುಮಟಾದಲ್ಲೂ ಉಪವಿಭಾಗಾಧಿಕಾರಿ ಕಚೇರಿ ಇದೆ.

ಏನನ್ನೂ ಮಾಡಿಟ್ಟಿಲ್ಲದಿದ್ದರೆ

1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಕಾಯಿಲೆಯವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ಒಬ್ಬರನ್ನು ನೇಮಿಸುವ ಅಧ್ಯಾಯವೇ ಇತ್ತು. 2017ರ ಕಾಯ್ದೆ ಬಂದಾಗ ಆ ಅಧ್ಯಾಯ ಹೋಯಿತು, ಬದಲಿಗೆ ಏನೂ ಬರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಲ್ಲಿ, ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ ಸೀಮಿತ ಪಾಲಕರನ್ನು ಕೊಡುವ ಅವಕಾಶವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ.

ಕೋಮಾದಲ್ಲಿರುವವರ ಕುಟುಂಬಗಳು ಈ ಯಾವುದಕ್ಕೂ ಸರಿಯಾಗಿ ಹೊಂದದೆ ಹೈಕೋರ್ಟಿಗೆ ರಿಟ್ ಹಾಕುತ್ತಿವೆ. ಕೇರಳ ಹೈಕೋರ್ಟು 2019ರ ಶೋಭಾ ಗೋಪಾಲಕೃಷ್ಣನ್ ತೀರ್ಪಿನಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ: ವೈದ್ಯಕೀಯ ಮಂಡಳಿಯ ತಪಾಸಣೆ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಭೇಟಿ, ಆಸ್ತಿ ಮತ್ತು ವಾರಸುದಾರರ ಪೂರ್ಣ ವಿವರ, ಆರು ತಿಂಗಳಿಗೊಮ್ಮೆ ಲೆಕ್ಕ. 2024ರಲ್ಲಿ ಮದ್ರಾಸ್ ಹೈಕೋರ್ಟು, ಗಂಡನ ಆಸ್ತಿ ಮಾರಿ ಚಿಕಿತ್ಸೆ, ಸಂಸಾರ ನಡೆಸಲು ಹೆಂಡತಿಯನ್ನೇ ಪಾಲಕಿಯಾಗಿ ನೇಮಿಸಿತು. ಈ ತೀರ್ಪುಗಳು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಬಲ ಕೊಡುತ್ತವೆ. ನಮ್ಮ ಜಿಲ್ಲೆಯವರು ಅರ್ಜಿ ಹಾಕಬೇಕಾದದ್ದು ಧಾರವಾಡ ಪೀಠದಲ್ಲಿ. ರೋಗಿ ಮಣಿಪಾಲದಲ್ಲಿ, ದಾಖಲೆ ಕುಮಟಾದಲ್ಲಿ, ಕೋರ್ಟು ಘಟ್ಟದ ಮೇಲೆ. ಎರಡು ಪುಟದ ಪತ್ರವೊಂದು ಈ ಓಡಾಟವನ್ನೆಲ್ಲ ತಪ್ಪಿಸಬಹುದಿತ್ತು, ಅಂಥ ಪತ್ರಕ್ಕೆ ಕಾನೂನಿನ ಮಾನ್ಯತೆ ಇದ್ದಿದ್ದರೆ.

ತಿದ್ದುಪಡಿ ಹೇಗಿರಬೇಕು

ಇಂಗ್ಲೆಂಡು ಈ ದಾರಿಯಲ್ಲಿ ನಲವತ್ತು ವರ್ಷ ಮುಂದಿದೆ. ಅದರ ಎಡವಟ್ಟುಗಳೂ ನಮಗೆ ಪಾಠ. 1985ರ ಕಾಯ್ದೆಯ ಮೂಲಕ ಬುದ್ಧಿ ಮಸುಕಾದ ಮೇಲೂ ಉಳಿಯುವ ಮುಖ್ತ್ಯಾರ್ ಪತ್ರವನ್ನು ಅಲ್ಲಿ ಜಾರಿಗೆ ತಂದರು. ಬುದ್ಧಿ ತಪ್ಪತೊಡಗಿದಾಗ ಮುಖ್ತ್ಯಾರನೇ ನೋಂದಾಯಿಸಬೇಕಿದ್ದ ಆ ಪದ್ಧತಿಯಲ್ಲಿ ದುರುಪಯೋಗದ ದೂರುಗಳು ಬಂದವು. 2005ರ ಕಾಯ್ದೆ ಅದನ್ನು ಬದಲಿಸಿ, ಹಣಕಾಸಿಗೊಂದು, ಆರೋಗ್ಯಕ್ಕೊಂದು ಎಂದು ಎರಡು ಬಗೆಯ ಶಾಶ್ವತ ಮುಖ್ತ್ಯಾರ್ ಪತ್ರ ತಂದಿತು. ಬಳಸುವ ಮುನ್ನ ನೋಂದಣಿ ಕಡ್ಡಾಯ, ಕೊಡುವವರು ತಿಳಿದು, ಒತ್ತಡವಿಲ್ಲದೆ ಕೊಡುತ್ತಿದ್ದಾರೆಂದು ಸ್ವತಂತ್ರ ವ್ಯಕ್ತಿಯ ದೃಢೀಕರಣ ಕಡ್ಡಾಯ. 2023ರ ತಿದ್ದುಪಡಿ ಡಿಜಿಟಲ್ ಪದ್ಧತಿಗೆ, ಗುರುತಿನ ಪರಿಶೀಲನೆಗೆ ದಾರಿ ಮಾಡಿತು. ಸಿಂಗಪುರದಲ್ಲೂ 2010ರಿಂದ ಇಂಥದೇ ಪತ್ರವಿದೆ. ಲಂಡನ್, ಸಿಂಗಪುರದಲ್ಲಿ ನೆಲೆಸಿದ ಕನ್ನಡಿಗರು ಗಮನಿಸಬೇಕು: ಅಲ್ಲಿ ನೋಂದಾಯಿಸಿದ ಪತ್ರ ಕುಮಟಾದ ಪಹಣಿಯ ಮೇಲೆ ತಾನಾಗಿ ನಡೆಯುವುದಿಲ್ಲ, ಇಲ್ಲಿನ ಆಸ್ತಿಗೆ ಬೇರೆಯೇ ಪತ್ರ ಬೇಕು.

ನಮ್ಮಲ್ಲಿ ಬೇಕಾದ ಕಾನೂನಿಗೆ ಇಷ್ಟು ಅಂಗಗಳಿದ್ದರೆ ಸಾಕು. ಕೊಟ್ಟವರ ಬುದ್ಧಿ ತಪ್ಪಿದರೂ ಪತ್ರ ಮುಂದುವರಿಯಬೇಕು. ಬರೆಯುವ ದಿನ ವೈದ್ಯರೊಬ್ಬರು, ಮಕ್ಕಳನ್ನು ಹೊರಗೆ ಕಳಿಸಿ, ಹಿರಿಯರನ್ನು ಒಂಟಿಯಾಗಿ ಮಾತಾಡಿಸಿ ದೃಢೀಕರಿಸಬೇಕು. ನೋಂದಣಿಯ ಸುದ್ದಿ ಎಲ್ಲ ಮಕ್ಕಳಿಗೂ ತಲುಪಬೇಕು, ಹೆಣ್ಣುಮಕ್ಕಳಿಗೂ. ಬ್ಯಾಂಕಿನವರು ಕಾವೇರಿಯಲ್ಲೇ ಪತ್ರದ ಸಾಚಾತನ ನೋಡುವಂತಿರಬೇಕು. ಮುಖ್ತ್ಯಾರ ತನಗೆ ತಾನೇ ದಾನ ಬರೆದುಕೊಳ್ಳುವಂತಿರಬಾರದು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ದೂರು ಕೇಳಲು ಹೊಸ ಕಚೇರಿ ಬೇಕಿಲ್ಲ. ಹಿರಿಯರ ವ್ಯಾಜ್ಯ ಕೇಳಿ ಅಭ್ಯಾಸವಿರುವ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೇ ಆ ಅಧಿಕಾರ ಕೊಡಬಹುದು.

ಇದಕ್ಕೆ ದೆಹಲಿಯನ್ನೇ ಕಾಯಬೇಕೆಂದಿಲ್ಲ. ಕರಾರು, ಮುಖ್ತ್ಯಾರಿಕೆ, ದಸ್ತಾವೇಜು ನೋಂದಣಿ ಎಲ್ಲವೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯ ವಿಧಾನಮಂಡಲ 201ನೇ ಕಲಮಿಗೆ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ತಂದು, ರಾಷ್ಟ್ರಪತಿಗಳ ಅಂಕಿತ ಪಡೆದರೆ ಅದು ಇಲ್ಲಿ ಜಾರಿಯಾಗುತ್ತದೆ. ಮಕ್ಕಳನ್ನು ಹೊರನಾಡಿಗೆ ಕಳಿಸಿ ಹಿರಿಯರನ್ನು ಊರಲ್ಲಿ ಉಳಿಸಿಕೊಂಡ ಕರಾವಳಿಯ ಶಾಸಕರು ಮೊದಲು ಎತ್ತಬೇಕಾದ ವಿಷಯವಿದು.

ಈ ವಾರ ಮಾಡಬಹುದಾದದ್ದು

ಮೊದಲು ಹಿರಿಯರನ್ನೇ ಕೇಳಿ: ಯಾರ ಮೇಲೆ ಭರವಸೆ, ಏನು ಮಾರಬಾರದು, ಎಂಥ ಚಿಕಿತ್ಸೆ ಬೇಡ. ಅವರ ಮಾತನ್ನು ಅವರ ಮುಂದೆಯೇ ಬರೆದುಕೊಳ್ಳಿ. ಆಮೇಲೆ ಜಂಟಿ ಖಾತೆ, ಇಬ್ಬರ ಹೆಸರಿನ ನೋಂದಾಯಿತ ಮುಖ್ತ್ಯಾರ್ ಪತ್ರ, ಜೀವಂತ ಉಯಿಲು, ಆಸ್ತಿಯ ಉಯಿಲು, ಈ ಕ್ರಮದಲ್ಲಿ. ವಕೀಲರ ಶುಲ್ಕ ಹೊರೆಯಾಗುವವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಹಿರಿಯರ ಸಹಾಯವಾಣಿ 14567. ಮರೆವು, ಮನಸ್ಸಿನ ಕಾಯಿಲೆಯ ಬಗ್ಗೆ ಕೇಳಲು ಟೆಲಿ ಮನಸ್ 14416. ಮನೆಯಲ್ಲಿ ಮುಂಚಿನ ಜಿಪಿಎ ಇದ್ದರೆ ಅದನ್ನು ತೆಗೆದು ಎರಡು ವಿಷಯ ನೋಡಿ: ಎರಡನೆಯ ಮುಖ್ತ್ಯಾರರ ಹೆಸರಿದೆಯೇ, ನೋಂದಣಿಯ ಮುದ್ರೆ ಇದೆಯೇ. ಎರಡರಲ್ಲಿ ಒಂದಿಲ್ಲದಿದ್ದರೂ, ಬರೆದುಕೊಟ್ಟವರು ಇನ್ನೂ ಓದಿ ತಿಳಿಯಬಲ್ಲರಾದರೆ, ಹೊಸ ಪತ್ರಕ್ಕೆ ಕಾವೇರಿಯಲ್ಲಿ ಸಮಯ ಪಡೆಯಿರಿ.